ಬೀಜವನ್ನು ತಲೆಕೆಳಗಾಗಿ ಬಿತ್ತಿದರೂ ಬೇರು ಕೆಳಕ್ಕೇ ಇಳಿಯುವುದೇಕೆ?

ಪ್ರಶ್ನೆ: ನಮ್ಮ ಮನೆ ಬಸವನಗುಡಿಯಲ್ಲಿದೆ. ತಾರಸಿಯ ಕುಂಡದಲ್ಲಿ ಅವರೆಕಾಳನ್ನು ಹೇಗೆ ಹಾಕಿದರೂ ಬೇರು ಕೆಳಕ್ಕೂ ಕುಡಿ ಮೇಲಕ್ಕೂ ಹೋಗುತ್ತವೆ. ಮಣ್ಣಿನ ಕತ್ತಲಲ್ಲಿ ಅದಕ್ಕೆ ದಿಕ್ಕು ತಿಳಿಯುವುದು ಹೇಗೆ?

ಉತ್ತರ: ದಿಕ್ಕು ತಿಳಿಸುವುದು ಗುರುತ್ವ. ಇದಕ್ಕೆ ಬೆಳಕು ಬೇಕಿಲ್ಲವೆಂಬುದನ್ನು ಅಡುಗೆಮನೆಯಲ್ಲೇ ನೋಡಬಹುದು. ಮೊಳಕೆ ಬಂದ ಹೆಸರುಕಾಳುಗಳಲ್ಲಿ ನೆಟ್ಟನೆಯ ಬೇರಿರುವ ಒಂದನ್ನು ಗುಂಡುಸೂಜಿಯಿಂದ ಥರ್ಮೋಕೋಲ್ ತುಂಡಿಗೆ ಚುಚ್ಚಿ, ಬೇರು ಅಡ್ಡಲಾಗಿ ಚಾಚಿಕೊಂಡಿರುವಂತೆ ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ, ತಳಕ್ಕೆ ಒದ್ದೆ ಬಟ್ಟೆ ಹಾಸಿ ಮುಚ್ಚಳ ಹಾಕಿಡಿ. ಮರುದಿನ ಬೆಳಿಗ್ಗೆ ಹಳೆಯ ಭಾಗ ಅಡ್ಡಲಾಗಿಯೇ ಇದ್ದು, ಹೊಸದಾಗಿ ಬೆಳೆದ ತುದಿ ಮಾತ್ರ ಕೊಕ್ಕೆಯಂತೆ ಕೆಳಕ್ಕೆ ಬಾಗಿರುತ್ತದೆ.

1806ರಲ್ಲಿ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ನೀರಿನಿಂದ ತಿರುಗುವ ಚಕ್ರಕ್ಕೆ ಬೀಜಗಳನ್ನು ಕಟ್ಟಿ ಮೊಳೆಯಿಸಿದಾಗ, ಬೇರುಗಳು ಚಕ್ರದ ಹೊರಕ್ಕೂ ಕುಡಿಗಳು ನಡುವಿನತ್ತಲೂ ಬೆಳೆದವು. ತಿರುಗುವಿಕೆಯಿಂದ ಹುಟ್ಟಿದ ಹೊರಸೆಳೆತವನ್ನೇ ಅವು ‘ಕೆಳಗು’ ಎಂದು ಎಣಿಸಿದ್ದವು. ನನ್ನ ಮಟ್ಟಿಗೆ, ಇಷ್ಟು ಸರಳವಾಗಿ ಇಷ್ಟು ದೊಡ್ಡ ವಿಷಯ ಹೇಳಿದ ಪ್ರಯೋಗಗಳು ಕಡಿಮೆ.

ಬೇರಿನ ತುದಿಗೆ ಟೋಪಿಯಂತೆ ಕುಳಿತಿರುವ ಅಂಗಾಂಶದ ನಡುವಣ ಜೀವಕೋಶಗಳಲ್ಲಿ ಪಿಷ್ಟ ತುಂಬಿದ ಭಾರವಾದ ಕಣಗಳಿರುತ್ತವೆ. ಬೇರನ್ನು ಅಡ್ಡ ಮಲಗಿಸಿದರೆ ಅವು ಕೆಲವೇ ನಿಮಿಷಗಳಲ್ಲಿ ಹೊಸ ತಳಕ್ಕೆ ಜಾರುತ್ತವೆ. (ನಮ್ಮ ಒಳಕಿವಿಯ ಏರ್ಪಾಡೂ ಹೆಚ್ಚುಕಡಿಮೆ ಇದೇ, ಅಲ್ಲಿರುವುದು ಕ್ಯಾಲ್ಸಿಯಂ ಹರಳುಗಳು.) ಆದರೆ ಅರಬಿಡೋಪ್ಸಿಸ್ ಎಂಬ, ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಪುಟ್ಟ ಗಿಡದ ಪಿಷ್ಟವನ್ನೇ ತಯಾರಿಸಲಾರದ ತಳಿಗಳೂ ನಿಧಾನವಾಗಿಯಾದರೂ ಬಾಗುವುದರಿಂದ, ಎಲ್ಲವೂ ಈ ಕಣಗಳಿಂದಲೇ ಎನ್ನಲಾಗದು.

ಅರಿಯುವುದು ತುದಿಯಾದರೂ ಬಾಗುವುದು ಅದರ ಹಿಂದಿನ, ಉದ್ದ ಬೆಳೆಯುವ ಭಾಗ. ನಡುವಿನ ಸುದ್ದಿಗಾರ ಆಕ್ಸಿನ್ ಎಂಬ ಹಾರ್ಮೋನು. ಕಣಗಳು ಜಾರಿದ ಮೇಲೆ, ಕೋಶದ ಹೊದಿಕೆಯಲ್ಲಿರುವ ಪಿನ್ ಎಂಬ ಪ್ರೋಟೀನುಗಳು ಆಕ್ಸಿನ್ ಅನ್ನು ಕೆಳಬದಿಗೆ ಹೆಚ್ಚಾಗಿ ಸಾಗಿಸುತ್ತವೆ. ಸ್ವಾರಸ್ಯವಿರುವುದು ಇಲ್ಲಿ: ಆ ಪ್ರಮಾಣದ ಆಕ್ಸಿನ್ ಬೇರಿನಲ್ಲಿ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ, ಕಾಂಡದಲ್ಲಿ ಪ್ರಚೋದಿಸುತ್ತದೆ. ಹೀಗಾಗಿ ಬೇರಿನ ಮೇಲ್ಬದಿ ಹೆಚ್ಚು ಉದ್ದವಾಗಿ ತುದಿ ಕೆಳಗಿಳಿದರೆ, ಕಾಂಡದ ಕೆಳಬದಿ ಹೆಚ್ಚು ಉದ್ದವಾಗಿ ಕುಡಿ ಮೇಲೇಳುತ್ತದೆ.

ಬಲಿತ ಮರಕ್ಕೆ ಈ ಉಪಾಯ ಸಾಲದು, ಕಟ್ಟಿಗೆಯಾದ ಕಾಂಡ ಮತ್ತೆ ಉದ್ದವಾಗುವುದಿಲ್ಲ. ನಮ್ಮ ರಸ್ತೆಬದಿಯ ಗುಲ್‌ಮೊಹರಿನಂಥ ಮರ ಮಳೆಗಾಳಿಗೆ ವಾಲಿ ಬದುಕುಳಿದರೆ, ಕಾಂಡದ ಮೇಲ್ಬದಿಯಲ್ಲಿ ಕುಗ್ಗುವ ಗುಣದ ಹೊಸ ಕಟ್ಟಿಗೆಯನ್ನು ಕಟ್ಟಿಕೊಂಡು, ವರ್ಷಗಟ್ಟಲೆ ಹಗ್ಗ ಜಗ್ಗಿದಂತೆ ತನ್ನನ್ನು ತಾನೇ ಮೇಲಕ್ಕೆಳೆಯುತ್ತದೆ.