ಎಲೆಕ್ಷನ್ ರಿಸಲ್ಟ್ ದಿನದ ಟಿವಿ ಲೈವ್ ಶುರುವಾಗಿದ್ದು ಯಾರಿಂದ?

ಓದುಗರ ಪ್ರಶ್ನೆ: ಮತ ಎಣಿಕೆ ದಿನ ಬೆಳಿಗ್ಗೆಯಿಂದಲೇ ಟಿವಿ ಮುಂದೆ ಕೂರುತ್ತೇವೆ. ನಕ್ಷೆ, ಅಂಕಿ, ಪಕ್ಕದಲ್ಲಿ ಕೂತ ಪರಿಣತರು, ಮಾತೆತ್ತಿದರೆ ‘ಸ್ವಿಂಗ್’. ಇದನ್ನೆಲ್ಲ ಮೊದಲು ಯೋಚಿಸಿದವರು ಯಾರು?

ಇದೆಲ್ಲ ಒಬ್ಬರ ತಲೆಯಿಂದಲೇ ಬಂತು ಅನ್ನಲಾಗದು. ಅಮೆರಿಕದಲ್ಲಿ 1948ರ ಅಧ್ಯಕ್ಷರ ಚುನಾವಣೆಯ ರಾತ್ರಿಯೇ ಟಿವಿಯಲ್ಲಿ ಫಲಿತಾಂಶ ಬಂದಿತ್ತು. ಆದರೆ ನೀವು ಹೇಳುತ್ತಿರುವ ಈ ಬಗೆ, ಅಂದರೆ ಅಂಕಿ ಓದುವುದಷ್ಟೇ ಅಲ್ಲ, ಅದರ ಅರ್ಥವನ್ನೂ ಅಲ್ಲೇ ಬಿಡಿಸಿ ಹೇಳುವುದು, ನಮ್ಮ ಮನೆಗಳಿಗೆ ಬಂದ ದಾರಿ ಹುಡುಕುತ್ತಾ ಹೋದರೆ ಲಂಡನ್ನಿನ ಬಿಬಿಸಿ ಸ್ಟುಡಿಯೋ ತಲುಪುತ್ತೇವೆ. ಅಲ್ಲಿ ಗ್ರೇಸ್ ವಿಂಡ್‌ಹ್ಯಾಮ್ ಗೋಲ್ಡಿ ಎಂಬ ಹೆಣ್ಣುಮಗಳು ಸಿಗುತ್ತಾರೆ. ಅವರು ಪ್ರೊಡ್ಯೂಸರ್, ಪರದೆಯ ಹಿಂದೆ ಇದ್ದವರು.

ಪ್ರೊಡ್ಯೂಸರ್ ಅಂದರೆ ಸಿನಿಮಾಕ್ಕೆ ದುಡ್ಡು ಹಾಕುವವರು ಅಂತ ನಮಗೆ ರೂಢಿ. ಟಿವಿಯ ಸುದ್ದಿ ಕಾರ್ಯಕ್ರಮದಲ್ಲಿ ಹಾಗಲ್ಲ. ಯಾವ ವಿಷಯ ತೆಗೆದುಕೊಳ್ಳಬೇಕು, ಯಾರನ್ನು ಕರೆಸಬೇಕು, ಯಾವುದು ಮೊದಲು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅವರ ತಲೆ ಮೇಲೆ. ಕಾರ್ಯಕ್ರಮ ಕೆಟ್ಟರೆ ಬೈಗುಳವೂ ಅವರಿಗೇ.

ಗೋಲ್ಡಿ ಹುಟ್ಟಿದ್ದು 1900ರಲ್ಲಿ, ಸ್ಕಾಟ್‌ಲೆಂಡ್‌ನಲ್ಲಿ. ಬಾಲ್ಯದ ಕೆಲವು ವರ್ಷ ಈಜಿಪ್ಟಿನಲ್ಲಿ ಕಳೆದರು. ಬ್ರಿಸ್ಟಲ್ ಮತ್ತು ಆಕ್ಸ್‌ಫರ್ಡ್‌ನಲ್ಲಿ ಓದಿದರು, ರೇಡಿಯೋ ನಾಟಕಗಳ ವಿಮರ್ಶೆ ಬರೆದರು, 1944ರಲ್ಲಿ ಬಿಬಿಸಿ ರೇಡಿಯೋ ಸೇರಿದರು. ಟಿವಿಗೆ ಬಂದಾಗ ವಯಸ್ಸು 48. ಆಗ ಬಿಬಿಸಿಯಲ್ಲಿ ತೂಕ ಇದ್ದದ್ದು ರೇಡಿಯೋಗೆ. ಟಿವಿ ಅಂದರೆ ಏನೋ ಆಟಿಕೆ ಅಂತ ನೋಡುವವರೇ ಜಾಸ್ತಿ. ಆ ವಯಸ್ಸಲ್ಲಿ ಗಟ್ಟಿ ನೆಲ ಬಿಟ್ಟು ಅಲ್ಲಿಗೆ ಹೋಗಲು ಎಂಥ ಧೈರ್ಯ ಬೇಕು, ಅಲ್ವಾ?

ಈಗ 1950ರ ಫೆಬ್ರವರಿ 23ಕ್ಕೆ ಬರೋಣ. ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. ಪ್ರಚಾರ ನಡೆದಷ್ಟು ದಿನವೂ ಬಿಬಿಸಿ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಒಂದು ಪಕ್ಷದ ಕಡೆ ವಾಲಿದಂತೆ ಕಂಡರೆ ಕಾನೂನಿನ ತೊಡಕು ಬರುತ್ತದೆ ಎಂಬ ಭಯ. ಮತದಾನ ಮುಗಿದ ಮೇಲೆ ಆ ಭಯ ಇಲ್ಲವಲ್ಲ. ಹಾಗಾದರೆ ಎಣಿಕೆಯ ರಾತ್ರಿಯನ್ನು ಟಿವಿಯಲ್ಲಿ ತೋರಿಸೋಣ ಎಂದು ಗೋಲ್ಡಿ ಪಟ್ಟು ಹಿಡಿದರು.

ಅಲೆಕ್ಸಾಂಡ್ರಾ ಪ್ಯಾಲೇಸ್‌ನ ಸ್ಟುಡಿಯೋ. ಕಂಪ್ಯೂಟರ್ ಇಲ್ಲ. ಬಣ್ಣ ಇಲ್ಲ. ಕ್ಷೇತ್ರದ ಫಲಿತಾಂಶ ಬಂದ ಹಾಗೆ ಕೈಯಲ್ಲಿ ಕಾರ್ಡಿನ ಮೇಲೆ ಬರೆದು ಕ್ಯಾಮೆರಾ ಮುಂದೆ ಹಿಡಿಯಬೇಕು. ಹೊರಗೆ ಟ್ರಫಾಲ್ಗರ್ ಚೌಕದಲ್ಲಿ ನೆರೆದ ಜನರನ್ನು ತೋರಿಸಲು ಇನ್ನೊಂದು ಕ್ಯಾಮೆರಾ ತಂಡ. ಯುದ್ಧ ವರದಿಯಿಂದ ಹೆಸರಾಗಿದ್ದ ಚೆಸ್ಟರ್ ವಿಲ್ಮಟ್ ನಿರೂಪಕರು. ಪಕ್ಕದಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ಇಬ್ಬರು: ಇತಿಹಾಸಕಾರ ಆರ್.ಬಿ. ಮೆಕಲಮ್, ಮತ್ತು 25 ವರ್ಷದ ಹುಡುಗ ಡೇವಿಡ್ ಬಟ್ಲರ್. ಪ್ರಸಾರ ಸಿಗುತ್ತಿದ್ದದ್ದು ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಮಾತ್ರ. ಆ ರಾತ್ರಿ ಸಾಲದೆ ಮರುದಿನವೂ ನೇರ ಪ್ರಸಾರ ನಡೆಯಿತು. ಕೊನೆಗೆ ಲೇಬರ್ ಪಕ್ಷ ಬರೀ 5 ಸ್ಥಾನಗಳ ಬಹುಮತದಿಂದ ಗೆದ್ದಿತು.

ಇಡೀ ಕಥೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಆ ಹುಡುಗನನ್ನು ಅಲ್ಲಿ ಕೂರಿಸಿದ್ದು. ‘ಸ್ವಿಂಗ್’ ಎಂಬ ಲೆಕ್ಕವನ್ನು ಜನರಿಗೆ ಮುಟ್ಟಿಸಿದವರು ಬಟ್ಲರ್. ಲೆಕ್ಕ ಸುಲಭ. ಕಳೆದ ಸಲ ಎ ಪಕ್ಷಕ್ಕೆ ಶೇ. 50, ಬಿ ಪಕ್ಷಕ್ಕೆ ಶೇ. 45 ಮತ ಬಂದಿತ್ತು ಅಂದುಕೊಳ್ಳಿ. ಈ ಸಲ ಎಗೆ 46, ಬಿಗೆ 49. ಎ ಕಳೆದುಕೊಂಡದ್ದು 4, ಬಿ ಗಳಿಸಿದ್ದು 4, ಎರಡರ ಸರಾಸರಿ 4. ಅದೇ ಸ್ವಿಂಗ್. ಮೊದಲು ಬಂದ ಹತ್ತಾರು ಕ್ಷೇತ್ರಗಳಲ್ಲಿ ಹೀಗೇ ಆಗಿದ್ದರೆ, ಎ ಪಕ್ಷ ಕಳೆದ ಸಲ 8ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದ ಕ್ಷೇತ್ರಗಳೆಲ್ಲ ಕೈಬಿಟ್ಟು ಹೋಗಬಹುದು ಅಂತ ಅಂದಾಜು ಮಾಡಬಹುದು. ಮನೆಯಲ್ಲಿ ಕೂತವರಿಗೂ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ತಿಳಿಯುತ್ತದೆ. 1979ರವರೆಗೆ ಬಟ್ಲರ್ ಬಿಬಿಸಿಯ ಪ್ರತಿ ಚುನಾವಣಾ ರಾತ್ರಿಯಲ್ಲೂ ಕೂತರು.

ಇಷ್ಟೆಲ್ಲ ಮಾಡಿದ ಗೋಲ್ಡಿ ಬಿಬಿಸಿಯ ಸುದ್ದಿ ವಿಭಾಗದವರಲ್ಲ. ಸುದ್ದಿ ವಿಭಾಗದಲ್ಲಿ ಇದ್ದವರು ರೇಡಿಯೋದವರು, ಅವರಿಗೆ ಚಿತ್ರದ ಮೇಲೆ ನಂಬಿಕೆ ಇರಲಿಲ್ಲ. 1955ರವರೆಗೆ ಬಿಬಿಸಿ ಟಿವಿಯಲ್ಲಿ ಸುದ್ದಿ ಓದುವವರ ಮುಖವನ್ನೇ ತೋರಿಸುತ್ತಿರಲಿಲ್ಲ. ಗೋಲ್ಡಿ ಇದ್ದದ್ದು ‘ಟಾಕ್ಸ್’ ವಿಭಾಗದಲ್ಲಿ, ಅಂದರೆ ಭಾಷಣ, ಚರ್ಚೆಗಳ ಕಡೆ. ಆ ಮೂಲೆಯಲ್ಲಿ ಕೂತೇ ಅವರು ಪ್ರಚಲಿತ ವಿದ್ಯಮಾನದ ಕಾರ್ಯಕ್ರಮಗಳನ್ನು ಕಟ್ಟಿದರು. 1955ರ ಸೆಪ್ಟೆಂಬರ್‌ನಲ್ಲಿ, ಬ್ರಿಟನ್ನಿನ ಖಾಸಗಿ ಟಿವಿ ಶುರುವಾಗಲು ಮೂರು ದಿನ ಇರುವಾಗ, ‘ಪನೋರಮಾ’ವನ್ನು ಹೊಸ ರೂಪದಲ್ಲಿ ತಂದರು. 1957ರಲ್ಲಿ ‘ಟುನೈಟ್’ ಬಂತು.

ರಾಜಕಾರಣಿಗಳಿಗೆ ಟಿವಿ ಅಂದರೇನು ಅಂತ ಕಲಿಸುವ ಕೆಲಸವೂ ಅವರಿಗೇ ಬಿತ್ತು. 1951ರಲ್ಲಿ ಮೊದಲ ಸಲ ಪಕ್ಷಗಳಿಗೆ ಟಿವಿಯಲ್ಲಿ ಪ್ರಚಾರ ಭಾಷಣಕ್ಕೆ ಅವಕಾಶ ಸಿಕ್ಕಿತು. ಲಿಬರಲ್ ಪಕ್ಷದ ಹಿರಿಯ ಲಾರ್ಡ್ ಸ್ಯಾಮ್ಯುಯೆಲ್ ಬಂದರು. ವಯಸ್ಸು 80. ತಲೆ ಬಗ್ಗಿಸಿ ಕಾಗದ ಓದುತ್ತಾ ಹೋದರು. ಭಾಷಣ ಮುಗಿದಾಗ ಕೊಡಬೇಕು ಅಂತ ಮಾತಾಗಿದ್ದ ಸನ್ನೆಯನ್ನು ಅರಿವಿಲ್ಲದೆ ನಡುವೆಯೇ ಕೊಟ್ಟುಬಿಟ್ಟರು. ಮಾತು ಅರ್ಧದಲ್ಲಿರುವಾಗಲೇ ಪ್ರಸಾರ ನಿಂತಿತು. ಪಾಪ, ಅಷ್ಟು ದೊಡ್ಡ ಮನುಷ್ಯ.

ಇನ್ನೊಂದು ಅಡ್ಡಿ ‘14 ದಿನಗಳ ನಿಯಮ’. ಮುಂದಿನ ಎರಡು ವಾರದಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬರುವ ಯಾವ ವಿಷಯವನ್ನೂ ಬಿಬಿಸಿ ಚರ್ಚಿಸುವಂತಿಲ್ಲ. ಅಂದರೆ ಜನ ಅತಿ ಹೆಚ್ಚು ಮಾತಾಡುತ್ತಿರುವ ವಿಷಯವನ್ನೇ ಬಿಡಬೇಕು! ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್ ಯುದ್ಧಕ್ಕಿಳಿದ ಸೂಯೆಜ್ ಬಿಕ್ಕಟ್ಟಿನ ನಂತರ, 1956ರ ಕೊನೆಗೆ ಆ ನಿಯಮ ತೊಲಗಿತು.

ಗೋಲ್ಡಿ ಬಹಳ ಖಡಕ್. ಅವರ ಕೈಕೆಳಗೆ ಪಳಗಿದ ಯುವಕರನ್ನು ‘ಗೋಲ್ಡಿ ಬಾಯ್ಸ್’ ಎಂದೇ ಕರೆಯುತ್ತಿದ್ದರು. ಅವರಲ್ಲೊಬ್ಬರು ನಮ್ಮ ಸೂರತ್‌ನಲ್ಲಿ ಹುಟ್ಟಿದ ಅಲಸ್ಡೇರ್ ಮಿಲ್ನ್, ಮುಂದೆ ಬಿಬಿಸಿಯ ಮಹಾನಿರ್ದೇಶಕರಾದರು. ಆ ಹೆಸರಲ್ಲಿ ಹುಡುಗಿಯರು ಇಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ತಾನು ಏರಿದ ಏಣಿಯನ್ನು ಇನ್ನಷ್ಟು ಹೆಣ್ಣುಮಕ್ಕಳಿಗೂ ಹಿಡಿದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

1965ರಲ್ಲಿ ಅವರು ನಿವೃತ್ತರಾದರು, 1986ರ ಜೂನ್‌ನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರು ಟಿವಿಗೆ ತಂದಿದ್ದ ಆ ಹುಡುಗ ಭಾರತದ ಚುನಾವಣೆಗಳ ಬೆನ್ನು ಹತ್ತಿದ್ದರು. ಬಟ್ಲರ್, ನಮ್ಮ ಅರ್ಥಶಾಸ್ತ್ರಜ್ಞರಾದ ಅಶೋಕ್ ಲಾಹಿರಿ ಮತ್ತು ಪ್ರಣಯ್ ರಾಯ್ ಮೂವರೂ ಸೇರಿ ನಮ್ಮ ಚುನಾವಣೆಗಳ ಅಂಕಿ ಅಂಶಗಳ ಪುಸ್ತಕವನ್ನು 1984ರಲ್ಲಿ ತಂದರು. ನಮ್ಮಲ್ಲಿ ಪಕ್ಷಗಳು ಎರಡಲ್ಲ, ಹತ್ತಾರು. ಸುಮ್ನೆ ಸ್ವಿಂಗ್ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಅದಕ್ಕೇ ಅವರು ವಿರೋಧ ಪಕ್ಷಗಳ ಮತ ಎಷ್ಟು ಒಗ್ಗೂಡಿದೆ, ಎಷ್ಟು ಚದುರಿದೆ ಅಂತ ಅಳೆಯುವ ಒಂದು ಸೂಚ್ಯಂಕವನ್ನೂ ಜೊತೆಗೆ ಇಟ್ಟುಕೊಂಡರು.

1989ರ ಲೋಕಸಭಾ ಚುನಾವಣೆ ಬಂತು. ಬ್ಯಾಲೆಟ್ ಪೇಪರ್ ಕಾಲ, ಎಣಿಕೆ ದಿನಗಟ್ಟಲೆ ನಡೆಯುತ್ತಿತ್ತು. ದೂರದರ್ಶನದಲ್ಲಿ ಪ್ರಣಯ್ ರಾಯ್, ವಿನೋದ್ ದುವಾ ಕೂತು ಒಂದೊಂದೇ ಫಲಿತಾಂಶ ಹೇಳುತ್ತಾ, ಸ್ವಿಂಗ್ ಅಂದರೇನು ಅಂತ ದೇಶಕ್ಕೆಲ್ಲ ಬಿಡಿಸಿ ಹೇಳಿದರು.