ಹೊಳೆಯ ಈಜು, ಕೊಳದ ಗಡಿಯಾರ

ಬೇಸಿಗೆ ರಜೆ ಆರಂಭವಾದೊಡನೆ ಕಾರವಾರದಲ್ಲಿ ನನ್ನ ತರಬೇತಿಗೆ ಮಕ್ಕಳನ್ನು ಕರೆತರುವ ತಂದೆತಾಯಂದಿರ ಮೊದಲ ಮಾತು ಬಹುಪಾಲು ಒಂದೇ ಆಗಿರುತ್ತದೆ. ಸದಾಶಿವಗಡದವರಾದರೆ ಕಾಳಿ ಹೊಳೆಯನ್ನು, ಅಂಕೋಲೆಯ ಕಡೆಯವರಾದರೆ ಗಂಗಾವಳಿಯನ್ನು, ಘಟ್ಟದ ಮೇಲಿನವರಾದರೆ ಅಡಿಕೆ ತೋಟದ ಕೆರೆಯನ್ನು ಹೆಸರಿಸಿ, ಅಲ್ಲಿ ತಮ್ಮ ಮಗು ಮೀನಿನ ಹಾಗೆ ಈಜುತ್ತದೆ ಎನ್ನುತ್ತಾರೆ. "ನಮ್ಮ ಮಾಣಿ ಐದನೇ ವರ್ಷಕ್ಕೇ ಬಾಳೆದಿಂಡು ಬಿಟ್ಟವ, ಮಾಸ್ತರೇ" ಎಂದು, ಈಜು ಕಲಿಯುವಾಗ ತೇಲಲು ಹಿಡಿಯುವ ದಿಂಡಿನ ಆಸರೆಯನ್ನು ಮಗ ಬೇಗನೇ ಬಿಟ್ಟನೆಂಬ ಹೆಮ್ಮೆಯಿಂದ ಶಿರಸಿಯ ಕಡೆಯ ಕೃಷಿಕರೊಬ್ಬರು ಹೇಳಿದ್ದು ನೆನಪಿದೆ. ಅದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ನೀರಿನ ಭಯವೇ ಇಲ್ಲದ ಮಗುವನ್ನು ಕೊಳಕ್ಕೆ ಇಳಿಸುವುದು ತರಬೇತುದಾರನಿಗೆ ಅರ್ಧ ಕೆಲಸ ಮುಗಿದಂತೆ. ಆದರೆ ಉಳಿದ ಅರ್ಧವನ್ನು ಆ ಮಗು ಬಹಳ ಕಷ್ಟಪಟ್ಟು ಕಲಿಯಬೇಕಾಗುತ್ತದೆ. ಏಕೆಂದರೆ ಹೊಳೆ ಕಲಿಸಿದ್ದರಲ್ಲಿ ಒಂದಷ್ಟನ್ನು ಮೊದಲು ಮರೆಯಬೇಕು.

ಹೊಸ ಮಗು ಬಂದಾಗ ನಾನು ಗಡಿಯಾರ ಹಿಡಿಯುವುದಿಲ್ಲ. ಗೋಡೆಯನ್ನು ಎರಡೂ ಕಾಲುಗಳಿಂದ ಒದ್ದು, ಕೈಗಳನ್ನು ಕಿವಿಗೆ ತಾಗುವಂತೆ ಮುಂದೆ ಚಾಚಿ, ಮತ್ತೇನನ್ನೂ ಮಾಡದೆ ನೀರು ಒಯ್ಯುವಷ್ಟು ದೂರ ಹೋಗು ಎನ್ನುತ್ತೇನೆ. ಆ ಮಾಣಿ ಮೂರು ಮೀಟರ್ ದಾಟುವ ಮೊದಲೇ ತಲೆ ಎತ್ತಿದ. ತಲೆ ಎತ್ತಿದೊಡನೆ ಸೊಂಟ ಕೆಳಗಿಳಿಯಿತು, ಕಾಲುಗಳು ಅದರ ಹಿಂದೆಯೇ ಮುಳುಗಿದವು, ದೇಹ ನೀರಿನಲ್ಲಿ ಓರೆಯಾಗಿ ನಿಂತಿತು. ಕೆರೆಯಲ್ಲಿ ತಲೆ ಎತ್ತಿ ಈಜುವುದು ತಪ್ಪಲ್ಲ. ದಂಡೆ ಎಲ್ಲಿದೆ, ಮರದ ಕೊಂಬೆ ಎಲ್ಲಿದೆ ಎಂದು ನೋಡದೆ ಈಜುವವನು ಅಲ್ಲಿ ಬಹಳ ದಿನ ಬಾಳುವುದಿಲ್ಲ. ಕೊಳದಲ್ಲಾದರೋ ನೋಡಬೇಕಾದದ್ದು ತಳದಲ್ಲಿ ಬಳಿದ ಕಪ್ಪು ಗೆರೆಯೊಂದೇ. ಓರೆಯಾದ ದೇಹಕ್ಕೆ ನೀರು ಒಡ್ಡುವ ತಡೆ ಎಷ್ಟು ಹೆಚ್ಚೆಂದರೆ, ಅದನ್ನು ತೋಳಬಲದಿಂದ ಗೆಲ್ಲಲು ಹೊರಟ ಮಗು ಇಪ್ಪತ್ತೈದು ಮೀಟರ್ ಮುಗಿಯುವುದರೊಳಗೆ ಏದುಸಿರು ಬಿಡುತ್ತದೆ. ಸಮುದ್ರದಲ್ಲಿ ಆಡಿ ಬೆಳೆದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಹೆಚ್ಚಿರುವುದರಿಂದ ಅದು ಸೊಂಟವನ್ನು ತಾನಾಗಿಯೇ ಎತ್ತಿ ಹಿಡಿಯುತ್ತದೆ. ಟಾಗೋರ್ ಕಡಲತೀರದಲ್ಲಿ ಹಗುರವಾಗಿ ತೇಲುವ ಹುಡುಗಿ ಕೊಳಕ್ಕೆ ಬಂದು "ಇಲ್ಲಿಯ ನೀರು ಕೆಳಗೆ ಎಳೀತದೆ ಸರ್" ಎಂದರೆ ಅವಳು ನೆಪ ಹೇಳುತ್ತಿಲ್ಲ.

ಏಳರಿಂದ ಹನ್ನೊಂದನೇ ವಯಸ್ಸಿನವರೆಗಿನ ಕೆಲಸವೆಲ್ಲ ಇಂಥದ್ದೇ. ತಲೆ ಎಲ್ಲಿರಬೇಕು, ನೀರಿನೊಳಗೆ ಉಸಿರನ್ನು ಹೇಗೆ ಬಿಡುತ್ತಿರಬೇಕು, ಕಾಲು ಬಡಿತ ಮೊಣಕಾಲಿನಿಂದ ಅಲ್ಲದೆ ಸೊಂಟದಿಂದ ಹೇಗೆ ಹೊರಡಬೇಕು ಎಂಬುದನ್ನು ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ನಾಲ್ಕರಲ್ಲೂ ಕಲಿಸಬೇಕು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂವರೆ ಎರಡು ಕಿಲೋಮೀಟರ್ ಸಾಕು. ಈ ವಯಸ್ಸಿನ ಮಗುವನ್ನು 'ಬಟರ್‌ಫ್ಲೈ ಹುಡುಗ' ಎಂದೋ 'ಬ್ರೆಸ್ಟ್‌ಸ್ಟ್ರೋಕ್ ಹುಡುಗಿ' ಎಂದೋ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಸ್ಪರ್ಧೆಗಳು ಆಗಲೇ ಆರಂಭವಾಗಿರುತ್ತವೆ. ನಮ್ಮ ಜಿಲ್ಲೆಯದೊಂದು ವಿಶೇಷವೆಂದರೆ, ಕಂದಾಯದ ಲೆಕ್ಕದಲ್ಲಿ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಕಾರವಾರ ಮತ್ತು ಶಿರಸಿ ಎರಡು ಶೈಕ್ಷಣಿಕ ಜಿಲ್ಲೆಗಳು. ಹಾಗಾಗಿ ಒಂದೇ ಕೊಳದಲ್ಲಿ ಅಭ್ಯಾಸ ಮಾಡುವ ಇಬ್ಬರು ಗೆಳೆಯರು ಶಾಲಾ ಕ್ರೀಡಾಕೂಟದಲ್ಲಿ ಎದುರಾಳಿಗಳಾಗಬಹುದು. ಇದಕ್ಕೆ ಸಮಾನಾಂತರವಾಗಿ ರಾಜ್ಯ ಈಜು ಸಂಸ್ಥೆಯ ವಯೋಮಿತಿ ಸ್ಪರ್ಧೆಗಳಿವೆ, ರಾಷ್ಟ್ರೀಯ ಕೂಟದ ದಾರಿ ಇರುವುದು ಅಲ್ಲಿಂದ. ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುವುದರಿಂದ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರಿನಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪಿನಲ್ಲಿ ಈಜುತ್ತವೆ. ಹತ್ತನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಒಂದು ಗೇಣಿನ ಅಂತರವಾಗಿರಬಹುದು. ಪದಕದ ಪಟ್ಟಿಯಲ್ಲಿ ಹುಟ್ಟಿದ ತಿಂಗಳನ್ನು ಯಾರೂ ಬರೆಯುವುದಿಲ್ಲ.

ಇಲ್ಲಿಯೇ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಹನ್ನೊಂದು ವರ್ಷದ ಬಾಲಕಿಯೊಬ್ಬಳಿದ್ದಳು. ವಯಸ್ಸಿಗೆ ಮೀರಿದ ಎತ್ತರ, ಉದ್ದನೆಯ ತೋಳು, ಬಟರ್‌ಫ್ಲೈಯಲ್ಲಿ ರಾಜ್ಯಮಟ್ಟದ ಪದಕ. ಮುಂದಿನ ಕೂಟಕ್ಕೆ ಆರು ತಿಂಗಳಿತ್ತು. ಅವಳ ದಿನದ ದೂರವನ್ನು ಎರಡು ಕಿಲೋಮೀಟರಿನಿಂದ ನಾಲ್ಕಕ್ಕೆ ಒಂದೇ ಋತುವಿನಲ್ಲಿ ಏರಿಸಿದೆ, ಜೊತೆಗೆ ಅಂಗೈಗೆ ಪ್ಯಾಡಲ್, ಎಂದರೆ ಕೈಗೆ ನೀರಿನ ತಡೆ ಹೆಚ್ಚಿಸುವ ಹಲಗೆ, ಕಟ್ಟಿಸಿದೆ. ಲೆಕ್ಕ ಸರಳವಾಗಿತ್ತು, ನಾನು ಹಾಕಿರಲಿಲ್ಲ: ಆ ವಯಸ್ಸಿನ ಮಗು ಫ್ರೀಸ್ಟೈಲ್‌ನಲ್ಲಿ 25 ಮೀಟರಿಗೆ ಇಪ್ಪತ್ತರಷ್ಟು ಬಾರಿ ತೋಳು ಬೀಸುತ್ತದೆ, ಕಿಲೋಮೀಟರಿಗೆ 800, ನಾಲ್ಕು ಕಿಲೋಮೀಟರಿಗೆ 3,200. ಪ್ರತಿಯೊಂದು ಭುಜವೂ ದಿನಕ್ಕೆ 1,600 ಬಾರಿ ತಲೆಯ ಮೇಲಿನಿಂದ ತಿರುಗಬೇಕು. ಭುಜದ ಕೀಲನ್ನು ಸುತ್ತುವರಿದ ಸಣ್ಣ ಸ್ನಾಯುಗಳು ದಣಿದಾಗ ತೋಳಿನ ಮೂಳೆಯ ತಲೆ ಸ್ವಲ್ಪ ಮೇಲಕ್ಕೆ ಸರಿಯುತ್ತದೆ, ಮೇಲಿನ ಎಲುಬಿಗೂ ಅದಕ್ಕೂ ನಡುವೆ ಸ್ನಾಯುರಜ್ಜು ಉಜ್ಜಿಕೊಳ್ಳುತ್ತದೆ. ಅವಳು ನೋವೆಂದು ಒಮ್ಮೆಯೂ ಹೇಳಲಿಲ್ಲ. ಜಡೆ ಹೆಣೆದುಕೊಳ್ಳಲು ಕೈ ಎತ್ತಲಾಗುತ್ತಿಲ್ಲವೆಂಬುದನ್ನು ಗಮನಿಸಿದ್ದು ಅವಳ ತಾಯಿ. ಏಳು ತಿಂಗಳು ನೀರಿನಿಂದ ಹೊರಗಿದ್ದಳು.

ಮರಳಿ ಬಂದಾಗ ಅವಳಿಗೆ ಹದಿಮೂರು ನಡೆಯುತ್ತಿತ್ತು. ಹೆಣ್ಣುಮಕ್ಕಳಲ್ಲಿ ಬೆಳವಣಿಗೆಯ ವೇಗ ಸರಾಸರಿ ಹನ್ನೆರಡರ ಸುಮಾರಿಗೆ, ಗಂಡುಮಕ್ಕಳಲ್ಲಿ ಹದಿನಾಲ್ಕರ ಸುಮಾರಿಗೆ ಅತ್ಯಧಿಕವಾಗಿರುತ್ತದೆ. ಗಂಡುಮಕ್ಕಳಿಗೆ ಆ ಬೆಳವಣಿಗೆ ಸ್ನಾಯುಬಲವನ್ನು ತಂದುಕೊಡುತ್ತದೆ, ಅವರ ಸಮಯ ತಾನಾಗಿಯೇ ಇಳಿಯುತ್ತದೆ. (ನಮ್ಮ ವೃತ್ತಿಯಲ್ಲಿ 'ಇಳಿಯಿತು' ಎಂಬುದು ಸಿಹಿ ಹಂಚುವ ಸುದ್ದಿ; ಹೊಸದಾಗಿ ಬಂದ ತಂದೆತಾಯಂದಿರು ಅದನ್ನು ಕೇಳಿ ಗಾಬರಿಯಾಗುವುದುಂಟು.) ಹೆಣ್ಣುಮಕ್ಕಳಲ್ಲಿ ದೇಹದ ಆಕಾರವೇ ಬದಲಾಗುವುದರಿಂದ ನೀರಿನಲ್ಲಿ ಅವರ ಸಮತೋಲವೂ ಬದಲಾಗುತ್ತದೆ, ಒಂದೆರಡು ವರ್ಷ ಸಮಯ ನಿಂತಲ್ಲೇ ನಿಲ್ಲಬಹುದು, ಹೆಚ್ಚಲೂಬಹುದು. "ಮಗಳ ಟೈಮಿಂಗ್ ಯಾಕೆ ಇಳೀತಾ ಇಲ್ಲ ಮಾಸ್ತರೇ, ಅಭ್ಯಾಸ ಕಡಿಮೆಯಾಯ್ತಾ?" ಎಂಬ ಪ್ರಶ್ನೆ ಬರುವುದು ಈ ಹಂತದಲ್ಲೇ. ಮುಟ್ಟಿನ ದಿನಗಳಲ್ಲಿ ಕೊಳಕ್ಕೆ ಕಳುಹಿಸದೆ ಇರುವುದು, ಈಜುಡುಪಿನ ಬಗ್ಗೆ ನೆಂಟರ ಮಾತು, ಹತ್ತನೇ ತರಗತಿಯ ಟ್ಯೂಷನ್, ಎಲ್ಲವೂ ಅದೇ ಹೊತ್ತಿಗೆ ಸೇರಿಕೊಳ್ಳುತ್ತವೆ. ನನ್ನ ಅನುಭವದಲ್ಲಿ ಒಳ್ಳೆಯ ಈಜುಗಾರ್ತಿಯರನ್ನು ನಾವು ಕಳೆದುಕೊಳ್ಳುವುದು ಪ್ರತಿಭೆಯ ಕೊರತೆಯಿಂದಲ್ಲ, ಈ ಎರಡು ವರ್ಷಗಳನ್ನು ಸೋಲೆಂದು ತಪ್ಪಾಗಿ ಓದಿದ್ದರಿಂದ. ನಾನು ಹೇಳಿದ ಬಾಲಕಿ ಆ ಅವಧಿಯನ್ನು ಬ್ಯಾಕ್‌ಸ್ಟ್ರೋಕ್ ಕಲಿಯುತ್ತ ದಾಟಿದಳು. ಈಗ ಕಾಲೇಜು ತಂಡದಲ್ಲಿ ಅದನ್ನೇ ಈಜುತ್ತಾಳೆ, ಬಟರ್‌ಫ್ಲೈಗೆ ಮರಳಲಿಲ್ಲ.

ಕೊಳದ ಉದ್ದದ ಪ್ರಶ್ನೆ ಬರುವುದೂ ಇದೇ ವಯಸ್ಸಿನಲ್ಲಿ. ಒಲಿಂಪಿಕ್ ಕೊಳ 50 ಮೀಟರ್ ಉದ್ದದ್ದು, ಅದರ ನೀರಿನ ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನಾವು ಅಭ್ಯಾಸ ಮಾಡುವ ಕೊಳ ಅದರ ಅರ್ಧದಷ್ಟಿದೆ. ಮೇ ತಿಂಗಳ ಸಂಜೆ ಅದರ ನೀರು ಮೈ ಕಾಯಿಸುವಂತಿರುತ್ತದೆ, ಜೂನ್ ಬಂತೆಂದರೆ ಗುಡುಗು ಕೇಳಿದೊಡನೆ ಎಲ್ಲರನ್ನೂ ಹೊರಗೆಬ್ಬಿಸಬೇಕು. 25 ಮೀಟರಿನ ಕೊಳದಲ್ಲಿ 100 ಮೀಟರ್ ಈಜುವಾಗ ಮೂರು ಬಾರಿ ಗೋಡೆಯನ್ನು ಒದೆಯುವ ಅವಕಾಶವಿದೆ, 50 ಮೀಟರಿನದರಲ್ಲಿ ಒಂದೇ ಬಾರಿ. ಒದೆತದ ವೇಗ ಈಜಿನ ವೇಗಕ್ಕಿಂತ ಹೆಚ್ಚಿರುವುದರಿಂದ ಸಣ್ಣ ಕೊಳದ ಸಮಯ ಒಂದೆರಡು ಸೆಕೆಂಡು ಕಡಿಮೆ ತೋರಿಸುತ್ತದೆ. ಮೊದಲ ಬಾರಿಗೆ ಬೆಂಗಳೂರಿನಲ್ಲಿ ದೊಡ್ಡ ಕೊಳಕ್ಕೆ ಇಳಿದು ಬಂದ ನನ್ನ ವಿದ್ಯಾರ್ಥಿಯೊಬ್ಬ, "ಮಾಸ್ತರೇ, ಗೋಡೆ ಬರೋದೇ ಇಲ್ಲ" ಎಂದ. ಅವನ ದೂರಿನಲ್ಲಿ ಇಡೀ ಸಮಸ್ಯೆ ಅಡಗಿತ್ತು.

ಆದುದರಿಂದ ಬೆಂಗಳೂರಿಗೆ ಹೋಗಬೇಕೇ, ಹೋಗುವುದಾದರೆ ಯಾವಾಗ? ನಿಶಾ ಮಿಲೆಟ್ 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದದ್ದು, ಶ್ರೀಹರಿ ನಟರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಸ್ಪರ್ಧಿಸಿದ್ದು, ಧಿನಿಧಿ ದೇಸಿಂಘು ಹದಿನಾಲ್ಕನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದ್ದು, ಇವರೆಲ್ಲ ಬೆಂಗಳೂರಿನ ಕೊಳಗಳಲ್ಲಿ ಬೆಳೆದವರು. ಧಿನಿಧಿಯ ಹೆಸರನ್ನು ತಂದೆತಾಯಂದಿರು ಪದೇಪದೇ ಎತ್ತುತ್ತಾರೆ. ಆಕೆಯ ಸಾಧನೆ ದೊಡ್ಡದು; ಆದರೆ ಮನೆಯವರ ನಡುವೆ ಇದ್ದುಕೊಂಡೇ ಅಲ್ಲಿ ಬೆಳೆದ ಮಗುವಿಗೂ, ಸುಮಾರು ಐನೂರು ಕಿಲೋಮೀಟರ್ ದೂರದಿಂದ ಹಾಸ್ಟೆಲಿಗೆ ಹೋಗಿ ಬೆಳಗಿನ ಐದಕ್ಕೆ ಒಬ್ಬನೇ ಎದ್ದು ಕೊಳಕ್ಕೆ ನಡೆಯುವ ಮಗುವಿಗೂ ವ್ಯತ್ಯಾಸವಿದೆ. ಹದಿಮೂರಕ್ಕೆ ಮೊದಲು ಕಳುಹಿಸಬೇಡಿ ಎಂಬುದು ನನ್ನ ಸಲಹೆ. ಹದಿನಾಲ್ಕು ಹದಿನೈದರಲ್ಲಿ ಮಗು ತಾನಾಗಿಯೇ ಕೇಳಿದರೆ, ಮನೆಯ ಒಬ್ಬರು ಜೊತೆಗಿರುವಂತಿದ್ದರೆ, ಆಗ ತಡೆಯಬೇಡಿ. ಏಕೆಂದರೆ ಅಲ್ಲಿಂದ ಮುಂದೆ ವಾರಕ್ಕೆ ಎಂಟರಿಂದ ಹತ್ತು ಬಾರಿ ನೀರಿಗಿಳಿಯುವ, ನಲವತ್ತು ಕಿಲೋಮೀಟರಿಗೂ ಮೀರಿ ಈಜುವ, ನೆಲದ ಮೇಲೆ ಭಾರ ಎತ್ತುವ ಅಭ್ಯಾಸವನ್ನು ನಾನು ಇಲ್ಲಿ ಕೊಡಲಾರೆ.

ಎಲ್ಲರೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 10 ಕಿಲೋಮೀಟರಿನ ಮುಕ್ತ ಜಲ ಈಜು 2008ರ ಬೀಜಿಂಗ್‌ನಿಂದ ಒಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಗೋಡೆಯಿಲ್ಲ, ಗೆರೆಯಿಲ್ಲ. ಅಲೆಯ ನಡುವೆ ಆಗಾಗ ತಲೆ ಎತ್ತಿ ಗುರುತು ನೋಡಿಕೊಳ್ಳಲೇಬೇಕು. ನಾನು ಮರೆಸಿದ್ದೇ ಅಲ್ಲಿ ಬೇಕಾಗುತ್ತದೆ ಎಂದು ಮಕ್ಕಳು ನನ್ನನ್ನು ಗೇಲಿ ಮಾಡುವುದು ಸರಿಯಾಗಿಯೇ ಇದೆ. ಅಳಿವೆಯ ಸೆಳೆತವನ್ನೂ ಭರತ ಇಳಿತದ ಹೊತ್ತನ್ನೂ ಮೈಯಲ್ಲೇ ಅರಿತ ಮೀನುಗಾರರ ಮನೆಯ ಮಕ್ಕಳಿಗೆ ಇದು ಸಹಜವಾದ ದಾರಿ. ಆದರೆ ಆ ಸ್ಪರ್ಧೆಗೆ ನೀರಿನ ಉಷ್ಣತೆಯ ಮೇಲ್ಮಿತಿ 31 ಡಿಗ್ರಿ, ನಮ್ಮ ಏಪ್ರಿಲ್ ಮೇ ತಿಂಗಳ ಕಡಲು ಅದರ ಹತ್ತಿರಕ್ಕೇ ಬರುತ್ತದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಅಭ್ಯಾಸಕ್ಕೆ ಉಳಿಯುವುದು ನವೆಂಬರಿನಿಂದ ಮಾರ್ಚ್, ಅದೂ ದೋಣಿಯೊಂದು ಪಕ್ಕದಲ್ಲಿದ್ದರೆ ಮಾತ್ರ.

ರಾಷ್ಟ್ರೀಯ ತಂಡದ ಬಾಗಿಲಿಗೆ ಬಂದವರ ಬದುಕು ಬೇರೆಯೇ ಕ್ರಮದ್ದು. ನೋಂದಾಯಿತ ಪರೀಕ್ಷಾ ಪಟ್ಟಿಗೆ ಸೇರಿದ ಈಜುಗಾರ ಪ್ರತಿದಿನ ಒಂದು ಗಂಟೆ ತಾನು ಎಲ್ಲಿರುತ್ತೇನೆಂದು ಮುಂಚಿತವಾಗಿ ಉದ್ದೀಪನ ಮದ್ದು ತಡೆ ಸಂಸ್ಥೆಗೆ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ಮದ್ದು ತೆಗೆದುಕೊಳ್ಳದಿದ್ದರೂ ಅಪರಾಧವೇ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೊಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಿ ಸಿಕ್ಕರೆ ನಿಷೇಧಕ್ಕೆ ದಾರಿಯಾಗುತ್ತದೆ. ಹೀಗಾಗಿ ಕೂಟಕ್ಕೆ ಹೊರಟ ಮಗುವಿನ ಚೀಲಕ್ಕೆ ಅಜ್ಜಿ ಪ್ರೀತಿಯಿಂದ ಹಾಕಿಕೊಟ್ಟ, ಒಳಗೇನಿದೆ ಎಂದು ಬರೆದಿರದ ಚೂರ್ಣದ ಡಬ್ಬಿಯನ್ನು ನಾನು ಹೊರಗಿಡುತ್ತೇನೆ. ಅಜ್ಜಿಯರು ಇದಕ್ಕಾಗಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಈ ಮಟ್ಟದಲ್ಲಿ ಗಡಿಯಾರವೇ ನ್ಯಾಯಾಧೀಶ. ದೊಡ್ಡ ಕೂಟಕ್ಕೆ ಎರಡು ಮೂರು ವಾರವಿರುವಾಗ ಅಭ್ಯಾಸದ ದೂರವನ್ನು ತಗ್ಗಿಸುತ್ತ ಬಂದು, ತಿಂಗಳುಗಟ್ಟಲೆಯ ದಣಿವು ಇಳಿದ ದೇಹವನ್ನು ಬ್ಲಾಕಿನ ಮೇಲೆ ನಿಲ್ಲಿಸುತ್ತಾರೆ. ಇದರಿಂದ ಸಮಯ ಸಾಮಾನ್ಯವಾಗಿ ಶೇ 2ರಿಂದ 3ರಷ್ಟು ಇಳಿಯುತ್ತದೆ. ಆದರೆ ಸಾಮರ್ಥ್ಯದ ಈ ತುದಿಯನ್ನು ಬೇಕೆಂದಾಗಲೆಲ್ಲ ಮುಟ್ಟಲಾಗದು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊಗೆ ನೇರ ಪ್ರವೇಶ ಕೊಡುವ 'ಎ' ಅರ್ಹತಾ ಮಿತಿಯಾದ 53.85ನ್ನು ದಾಟಿದರು. ಸುಮಾರು ಒಂದು ತಿಂಗಳ ನಂತರ ಟೋಕಿಯೊದಲ್ಲಿ ಅವರ ಸಮಯ 54.31. ಅರ್ಹತೆಗಾಗಿ ಒಮ್ಮೆ, ಸ್ಪರ್ಧೆಗಾಗಿ ಮತ್ತೊಮ್ಮೆ, ಅಷ್ಟು ಹತ್ತಿರದಲ್ಲಿ ಎರಡು ಬಾರಿ ತುದಿ ಮುಟ್ಟುವುದು ಎಂಥ ಕಷ್ಟವೆಂಬುದಕ್ಕೆ ಇದು ಒಳ್ಳೆಯ ಪಾಠ.

ಪ್ಯಾರಿಸ್‌ಗೆ ಅದೇ ಸ್ಪರ್ಧೆಯ ಮಿತಿ 53.74ಕ್ಕೆ ಇಳಿಯಿತು. ರೋಮ್‌ನ 53.77 ಈ ಬಾರಿ ಸಾಲುತ್ತಿರಲಿಲ್ಲ, ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹಿಂದೆ. ಆ ವೇಗದಲ್ಲಿ ಅಷ್ಟು ಸಮಯಕ್ಕೆ ದೇಹ ಸಾಗುವ ದೂರ ಐದೂವರೆ ಸೆಂಟಿಮೀಟರ್, ತೋರುಬೆರಳಿಗಿಂತ ಕಡಿಮೆ. ಬ್ಯಾಕ್‌ಸ್ಟ್ರೋಕ್‌ನವರಿಗೆ ಗೋಡೆ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಮೊದಲು ಮೇಲೆ ಕಟ್ಟಿದ ಬಣ್ಣದ ಪತಾಕೆಗಳನ್ನು ಕಂಡೊಡನೆ ತೋಳುಬೀಸುಗಳನ್ನು ಎಣಿಸಿಕೊಂಡು ಕೈ ಚಾಚಬೇಕು. ಎಣಿಕೆ ಅರ್ಧ ತಪ್ಪಿದರೆ ಆ ಐದೂವರೆ ಸೆಂಟಿಮೀಟರ್ ಹೋದಂತೆಯೇ. ನಮ್ಮ ಕೊಳದಲ್ಲಿ ನಾನು ಎರಡು ಗಳು ನೆಟ್ಟು ಹಗ್ಗಕ್ಕೆ ಹಳೆಯ ಬಟ್ಟೆಯ ತುಂಡುಗಳನ್ನು ಕಟ್ಟಿಸಿದ್ದೇನೆ. ಹತ್ತು ವರ್ಷದ ಮಕ್ಕಳೂ ಅದನ್ನು ನೋಡಿ ಎಣಿಸಿ ಗೋಡೆ ಮುಟ್ಟಬೇಕು. ಮುಟ್ಟದೆ ಎದ್ದು ನಿಂತರೆ ಆ ಸುತ್ತು ಲೆಕ್ಕಕ್ಕಿಲ್ಲ. ಶಿರಸಿಯ ಮಾಣಿ ಮೊನ್ನೆ ನಾಲ್ಕು ಸಲ ತಲೆಯನ್ನೇ ಗೋಡೆಗೆ ತಾಗಿಸಿಕೊಂಡ. ಐದನೆಯ ಸಲ ಕೈ ಮೊದಲು ಹೋಯಿತು.