ಗ್ರೆಗೋರಿಯನ್ ಚಾಂಟ್: ಮಾತಿನ ಹಿಂದೆ ನಡೆಯುವ ರಾಗ

ಕಥೋಲಿಕ್ ಕ್ರೈಸ್ತರ ಆರಾಧನೆಯಲ್ಲಿ ಲ್ಯಾಟಿನ್ ಪ್ರಾರ್ಥನೆಗಳನ್ನೂ ಬೈಬಲ್ಲಿನ ಕೀರ್ತನೆಗಳನ್ನೂ ವಾದ್ಯದ ನೆರವಿಲ್ಲದೆ ಹಾಡುವ ಹಳೆಯ ಪದ್ಧತಿಯೇ ಗ್ರೆಗೋರಿಯನ್ ಚಾಂಟ್. ಹತ್ತು ಜನ ಹಾಡಲಿ, ಐವತ್ತು ಜನ ಹಾಡಲಿ, ಎಲ್ಲರದೂ ಒಂದೇ ಧಾಟಿ. ಪಾಶ್ಚಾತ್ಯ ಸಂಗೀತವೆಂದೊಡನೆ ನೆನಪಾಗುವ ಹಾರ್ಮನಿ, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ನುಡಿಸುವ ಹೊಂದಾಣಿಕೆ, ಇಲ್ಲಿಲ್ಲ. ತಾಳವೂ ಇಲ್ಲ.

ತಾಳ ಏಕಿಲ್ಲ ಎಂಬುದು ಹಿಡಿದರೆ ಉಳಿದದ್ದು ಸುಲಭ. ಇಲ್ಲಿ ಯಜಮಾನಿಕೆ ಮಾತಿನದು. ಕೀರ್ತನೆಗಳು ಮೂಲ ಹೀಬ್ರೂವಿನಲ್ಲಿ ಪದ್ಯ; ಲ್ಯಾಟಿನ್ನಿಗೆ ಬರುವಾಗ ಗದ್ಯವಾದವು. ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ. ಅದನ್ನು ಲೆಕ್ಕದ ತಾಳಕ್ಕೆ ಕೂರಿಸಹೊರಟರೆ ಅರ್ಥ ಮುರಿಯುತ್ತದೆ. ಗಮಕ ವಾಚನ ಕೇಳಿ ಬಲ್ಲವರಿಗೆ ಈ ನಡೆ ಅಪರಿಚಿತವೇನಲ್ಲ: ರಾಗವಿದೆ, ತಾಳವಿಲ್ಲ, ಅರ್ಥ ನಿಂತಲ್ಲಿ ಉಸಿರು ನಿಲ್ಲುತ್ತದೆ.

6ನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗೆ ಬರೆದ ನಿಯಮದಂತೆ ವಾರದೊಳಗೆ 150 ಕೀರ್ತನೆಗಳೂ ಮುಗಿಯಬೇಕು. ಅಷ್ಟನ್ನೂ ಹಾಡಬೇಕೆಂದರೆ ವಿಧಾನ ಸರಳವಾಗಿರಲೇಬೇಕು. ಸನ್ಯಾಸಿಗಳು ಎರಡು ತಂಡವಾಗಿ ಎದುರುಬದುರು ನಿಲ್ಲುತ್ತಾರೆ. ಧ್ವನಿ ಎರಡು ಮೂರು ಸ್ವರ ಏರಿ ಒಂದು ಸ್ವರದಲ್ಲಿ ನೆಲೆಯಾಗುತ್ತದೆ. ಸಾಲಿನ ಬಹುಪಾಲು ಅಕ್ಷರಗಳು ಆ ಒಂದೇ ಸ್ವರದ ಮೇಲೆ ಹರಿದುಹೋಗುತ್ತವೆ. ನಡುವೆ ಒಂದು ಸಣ್ಣ ತಿರುವು, ಒಂದು ಉಸಿರಿನಷ್ಟು ಮೌನ. ಉತ್ತರಾರ್ಧ ಮತ್ತೆ ಅದೇ ಸ್ವರ ಹಿಡಿದು ಕೊನೆಯಲ್ಲಿ ಇಳಿಯುತ್ತದೆ. ಮುಂದಿನ ಸಾಲು ಎದುರಿನವರದು. ಸಾಲು ಎಷ್ಟೇ ಉದ್ದವಿರಲಿ, ಹಿಗ್ಗುವುದು ಆ ನಡುವಿನ ಸ್ವರ ಮಾತ್ರ.

ಕಥೋಲಿಕ್ ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ (ಮಾಸ್) ಹಾಡುವ ವಿಶ್ವಾಸ ಪ್ರಮಾಣದಲ್ಲಿ, ಅಂದರೆ ನಂಬಿಕೆಯನ್ನು ಸಾರುವ ಪಠ್ಯದಲ್ಲಿ, ಮಾತು ಬಹಳ. ಅಲ್ಲಿ ಹೆಚ್ಚುಕಡಿಮೆ ಅಕ್ಷರಕ್ಕೊಂದೇ ಸ್ವರ. ಶುಭಸಂದೇಶ (ಯೇಸುವಿನ ಚರಿತೆ) ಓದುವ ಮುನ್ನ ಬರುವ 'ಅಲ್ಲೆಲೂಯ' ಎಂಬ ಸ್ತುತಿಯಲ್ಲಿ ಇದು ತಲೆಕೆಳಗಾಗುತ್ತದೆ. ಕೊನೆಯ ಅಕ್ಷರದ ಮೇಲೆ ಸ್ವರಗಳು ಒಂದರ ಹಿಂದೊಂದು ಸುರುಳಿಯಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಈ ಭಾಗಕ್ಕೆ 'ಯೂಬಿಲುಸ್' ಎನ್ನುತ್ತಾರೆ. ಮಾತಿಗೆ ನಿಲುಕದ ಸಂತೋಷವನ್ನು ಪದವಿಲ್ಲದ ದನಿಯೇ ಹೇಳುತ್ತದೆ ಎಂದು ಸಂತ ಅಗಸ್ಟೀನ್ ತನ್ನ ಕೀರ್ತನಾ ವ್ಯಾಖ್ಯಾನದಲ್ಲಿ ಬರೆದಿದ್ದ. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದೇ.

ಧಾಟಿಗಳನ್ನು ಎಂಟು 'ಮೋಡ್'ಗಳಾಗಿ ವಿಂಗಡಿಸಿದ್ದಾರೆ. ಹಾಡು ಬಂದು ನಿಲ್ಲುವ ಸ್ವರಗಳು ನಾಲ್ಕು. ಸಂಚಾರದ ಎತ್ತರ ತಗ್ಗಿನ ಮೇಲೆ ಒಂದೊಂದರಲ್ಲೂ ಎರಡು ಬಗೆ. ಆ ನಾಲ್ಕಕ್ಕೆ ಒಂದೊಂದು ಹೆಸರಿದೆ; ಸ್ವರಸ್ಥಾನಗಳನ್ನಷ್ಟೇ ನೋಡಿದರೆ ಡೋರಿಯನ್ ನಮ್ಮ ಖರಹರಪ್ರಿಯ, ಫ್ರಿಜಿಯನ್ ತೋಡಿ, ಲಿಡಿಯನ್ ಕಲ್ಯಾಣಿ, ಮಿಕ್ಸೊಲಿಡಿಯನ್ ಹರಿಕಾಂಭೋಜಿ. ಹಾಗೆಂದು ತೋಡಿಯ ಕಂಪನವನ್ನು ಇಲ್ಲಿ ಹುಡುಕಬಾರದು. ಸ್ವರಗಳು ನೇರ; ಶ್ರುತಿ ಹಿಡಿಯಲು ತಂಬೂರಿಯೂ ಇಲ್ಲ.

ಹೆಸರಿಗೆ ಕಾರಣ 590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗರಿ. ಪಾರಿವಾಳದ ರೂಪದಲ್ಲಿ ಪವಿತ್ರಾತ್ಮ ಆತನ ಕಿವಿಯಲ್ಲಿ ಧಾಟಿಗಳನ್ನು ಉಸುರಿತೆಂಬ ಕಥೆಗೆ ಚಿತ್ರಗಳೂ ಇವೆ. ವಿದ್ವಾಂಸರು ಹೇಳುವುದೇ ಬೇರೆ: 8, 9ನೇ ಶತಮಾನಗಳಲ್ಲಿ ಇಂದಿನ ಫ್ರಾನ್ಸ್, ಜರ್ಮನಿಯ ಕಡೆ ಆಳುತ್ತಿದ್ದ ಪೆಪಿನ್ ಮತ್ತು ಶಾರ್ಲಮೇನ್ ದೊರೆಗಳು ತಮ್ಮ ರಾಜ್ಯಕ್ಕೆ ರೋಮಿನ ಪದ್ಧತಿ ತರಿಸಿದಾಗ ಅದು ಅಲ್ಲಿನ ಸ್ಥಳೀಯ ಹಾಡಿಕೆಯೊಂದಿಗೆ ಬೆರೆತು ಈ ರೂಪ ತಳೆಯಿತು. ಆಗ ಎಲ್ಲವೂ ಬಾಯಿಪಾಠ. ಪಠ್ಯದ ಮೇಲೆ 'ನ್ಯೂಮ್' ಎಂಬ ಗುರುತುಗಳನ್ನು ಹಾಕತೊಡಗಿದರೂ ಅವು ಏರಿಳಿತದ ಸುಳಿವು ಕೊಡುತ್ತಿದ್ದವೇ ಹೊರತು ಎಷ್ಟು ಏರಬೇಕೆಂದು ಹೇಳುತ್ತಿರಲಿಲ್ಲ. 11ನೇ ಶತಮಾನದಲ್ಲಿ ಇಟಲಿಯ ಅರೆಝ್ಝೊದ ಗ್ವಿದೊ ಎಂಬ ಸನ್ಯಾಸಿ ಅವನ್ನು ಗೆರೆಗಳ ಮೇಲೆ ಕೂರಿಸಿದ. ಇಂದಿನ ಪಾಶ್ಚಾತ್ಯ ಸ್ವರಲಿಪಿ ಬೆಳೆದದ್ದು ಅಲ್ಲಿಂದ.

ಮುಂದಿನ ಶತಮಾನಗಳಲ್ಲಿ ಧಾಟಿಗಳು ಕೆಟ್ಟಿದ್ದವು. ಫ್ರಾನ್ಸಿನ ಸೊಲೆಮ್ ಮಠದವರು 19ನೇ ಶತಮಾನದಲ್ಲಿ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಅವನ್ನು ತಿದ್ದಿದರು.

ಕರ್ನಾಟಕದ ಕಥೋಲಿಕ್ ಚರ್ಚುಗಳಲ್ಲೂ 1960ರ ದಶಕದವರೆಗೆ ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಕಥೋಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರ ತನ್ನ ದಸ್ತಾವೇಜಿನಲ್ಲಿ ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನವಿರಬೇಕೆಂದಿತು; ಜನರ ಭಾಷೆಗೂ ಬಾಗಿಲು ತೆರೆಯಿತು. ಕನ್ನಡ, ಕೊಂಕಣಿ ಗೀತೆಗಳು ಬಂದವು, ಹಾರ್ಮೋನಿಯಂ, ತಬಲಾ ಬಂದವು. ಆ ತೀರ್ಮಾನ ಸರಿಯಾದದ್ದೇ. ಆದರೆ ಗದ್ಯದ ಸಾಲನ್ನು ಒಂದು ಸ್ವರದ ಮೇಲೆ ನಡೆಸಿ ಕೊನೆಯಲ್ಲಿ ಇಳಿಸುವ ವಿಧಾನಕ್ಕೆ ಲ್ಯಾಟಿನ್ನೇ ಬೇಕೆಂದಿಲ್ಲ. ಕನ್ನಡ ಬೈಬಲ್ಲಿನ ಕೀರ್ತನೆಯನ್ನೂ ಒಂದಕ್ಷರ ಬದಲಿಸದೆ ಹಾಗೆ ಹಾಡಬಹುದು.